ನಾಯಿಯ ಬಾಯಿ ವಾಸನೆ ಸಹಜವೇ?

‘ನಾಯಿ ಎಂದ ಮೇಲೆ ಬಾಯಿ ವಾಸನೆ ಇದ್ದದ್ದೇ’ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಬಿಡದ ದುರ್ವಾಸನೆ ಹೆಚ್ಚಾಗಿ ವಸಡಿನ ರೋಗದ ಸೂಚನೆ. ನಾಯಿಯ 42 ಹಲ್ಲುಗಳ ಮೇಲೆ ಕೂರುವ ಬ್ಯಾಕ್ಟೀರಿಯಾ ಪದರ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಟಾರ್ಟರ್ ಆಗುತ್ತದೆ. ಮೂಳೆ ಕಡಿದರೆ ಎಲ್ಲ ಸರಿಹೋಗದು, ಹಲ್ಲೇ ಮುರಿಯಬಹುದು.

ಅರಿವಳಿಕೆ ಇಲ್ಲದೆ ಹಲ್ಲು ಕೆರೆಸಿದರೆ ಹೊಳಪು ಬರುತ್ತದೆ, ಅಷ್ಟೇ. ರೋಗ ಇರುವುದು ವಸಡಿನ ಅಡಿಯಲ್ಲಿ. ಅಲ್ಲಿ ಸ್ವಚ್ಛಗೊಳಿಸಲು, ಎಕ್ಸ್‌ರೇ ತೆಗೆಯಲು ನಾಯಿ ಅಲುಗಾಡಬಾರದು. ಅದಕ್ಕೇ ಪಶುವೈದ್ಯರು ಮೊದಲು ರಕ್ತಪರೀಕ್ಷೆ ಮಾಡಿಸಿ, ಬಳಿಕ ಪೂರ್ಣ ಅರಿವಳಿಕೆ ಕೊಡುತ್ತಾರೆ.

ಮನೆಯಲ್ಲಿ ನಾಯಿಗೆಂದೇ ಇರುವ ಪೇಸ್ಟ್‌ನಿಂದ ದಿನವೂ ಹಲ್ಲುಜ್ಜಿ. ನಮ್ಮ ಪೇಸ್ಟ್ ಬೇಡ. ಕೆಲವದರಲ್ಲಿರುವ ಕ್ಸೈಲಿಟಾಲ್ ನಾಯಿಗೆ ವಿಷ. ನೋವಿದ್ದರೂ ನಾಯಿ ಊಟ ಬಿಡದಿರಬಹುದು. ತಟ್ಟೆ ಖಾಲಿಯಾಯಿತೆಂದು ಬಾಯಿ ಚೆನ್ನಾಗಿದೆ ಎಂದುಕೊಳ್ಳಬೇಡಿ.