ರಿಸಲ್ಟ್ ತಿದ್ದಬೇಡಿ

ನೆದರ್‌ಲ್ಯಾಂಡ್ಸ್‌ನಲ್ಲಿ ಹಾವೋ, ವೇವೇಓ ಓದುವ ಮಕ್ಕಳು ಕೊನೆಗೆ ಪ್ರೊಫೀಲ್‌ವೆರ್ಕ್‌ಸ್ಟುಕ್ ಅನ್ನೋ 80 ಗಂಟೆಯ ಪ್ರಾಜೆಕ್ಟ್ ಮಾಡಲೇಬೇಕು. ಎನ್ಸ್‌ಕೆಡೆಯಲ್ಲಿ ನನ್ನ ಗೆಳತಿಯ ಮಗಳು ಕೈ ತೊಳೆಯೋ ವಿಷಯ ತಗೊಂಡಳು. ತೊಳೆಯುವ ಮೊದಲೊಮ್ಮೆ, ತೊಳೆದ ಮೇಲೊಮ್ಮೆ ಅಗಾರ್ ಪ್ಲೇಟಿಗೆ ಬೆರಳು ಒತ್ತಿದ್ದಾಳೆ. ನೋಡಿದರೆ ತೊಳೆದ ಮೇಲೆಯೇ ಬ್ಯಾಕ್ಟೀರಿಯಾ ಜಾಸ್ತಿ! "ಆಂಟಿ, ಈ ಪ್ಲೇಟ್ ಬಿಟ್ಟುಬಿಡ್ಲಾ?" ಅಂದಳು.

ಬಿಡಬಾರದು. ರಿಸಲ್ಟ್‌ನಲ್ಲಿ ಎಣಿಸಿದ್ದನ್ನು ಎಣಿಸಿದ ಹಾಗೇ ಬರೀಬೇಕು. ಯಾಕೆ ಅನ್ನೋದು ಚರ್ಚೆಯ ಭಾಗಕ್ಕೆ. ಅಲ್ಲಿ ಬರೆಯೋಕೆ ಬೇಕಾದಷ್ಟಿದೆ: ಸೋಪು ಹಾಕಿ ಉಜ್ಜಿದಾಗ ಚರ್ಮದಲ್ಲೇ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಸಡಿಲವಾಗಿ ಮೇಲೆ ಬರಬಹುದು. ಒದ್ದೆ ಕೈಯಿಂದ ಒಣ ಕೈಗಿಂತ ಹೆಚ್ಚು ದಾಟುತ್ತವೆ. ಬೆಳೆದದ್ದೆಲ್ಲ ರೋಗ ತರುವಂಥದ್ದೂ ಅಲ್ಲ. ವಾರ್ಡಿನಲ್ಲಿ ನಾವೂ ಹೀಗೇ, ಬಿಪಿ ಎಷ್ಟಿತ್ತೋ ಅಷ್ಟು ಬರೆದು, ನಮ್ಮ ಅನುಮಾನವನ್ನು ಬೇರೆಯಾಗಿ ಬರೀತೀವಿ.

ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ 1847ರಲ್ಲಿ ಡಾಕ್ಟರುಗಳ ಕೈಯನ್ನು ಕ್ಲೋರಿನ್ ದ್ರಾವಣದಲ್ಲಿ ತೊಳೆಸಿದಾಗ, ಏಪ್ರಿಲ್‌ನಲ್ಲಿ ಸುಮಾರು 18% ಇದ್ದ ಬಾಣಂತಿಯರ ಸಾವು ಜೂನ್‌ಗೆ 2%ರ ಆಸುಪಾಸಿಗೆ ಇಳಿಯಿತು. ಅವರು ಕೊಟ್ಟ ಕಾರಣ ಶವದ ಕಣಗಳು. ರೋಗಾಣು ಸಿದ್ಧಾಂತ ಬಂದದ್ದು ಆಮೇಲೆ. ಅಂಕಿ ಮಾತ್ರ ಇವತ್ತಿಗೂ ಅದೇ.

ನಮ್ಮ ಕಡೆ ಪಿಯುಸಿ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಲೋಲಕ ಆಡಿಸಿದರೆ 9.8 ಬರಲೇಬೇಕು. ಬರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕೋ ಜಾಣರಿಗೆ ಬರವಿಲ್ಲ! ಅಲ್ಲಿ 9.3 ಬರೆದು, "ದಾರದ ಉದ್ದ ಅಳೆದದ್ದರಲ್ಲಿ ತಪ್ಪಿರಬಹುದು" ಅಂತ ನಾಲ್ಕು ಸಾಲು ಬರೆದ ಹುಡುಗನಿಗೆ ಪೂರ್ತಿ ಮಾರ್ಕ್ಸ್ ಕೊಡಬೇಕು ಅಂತೀನಿ ನಾನು. ಮೇಷ್ಟ್ರುಗಳು ಏನಂತೀರಿ?