ಕಾರ್ಖಾನೆಯ ನೀರಿಗೂ ಸುಣ್ಣ ಬೇಕು

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವಾಗ ನಾವು ಕಬ್ಬಿಣದ ಚಾಕು ಅದ್ದಿ ನೋಡುತ್ತೇವೆ. ಕೆಂಪಡರಿದರೆ ತಾಮ್ರ ಇನ್ನೂ ಕರಗಿಯೇ ಇದೆ, ಸುಣ್ಣ ಸಾಲದು. ಲೋಹಲೇಪನದ ಕಾರ್ಖಾನೆಗಳ ಹೊಲಸು ನೀರಿಗೂ ಹೀಗೆಯೇ ಸುಣ್ಣ ಸೇರಿಸಿದರೆ ತಾಮ್ರ, ಸತು, ನಿಕಲ್ ತಳಕ್ಕೆ ಕೂರುತ್ತವೆ. ಕ್ರೋಮಿಯಂಗೆ ಮಾತ್ರ ಮೊದಲು ಬೇರೆ ಉಪಚಾರ ಬೇಕು. ಸುಣ್ಣ ದುಬಾರಿ ಎಂಬ ನೆಪವನ್ನು ಅಡಿಕೆ ಬೆಳೆಗಾರರ ಮುಂದೆ ಹೇಳುವಂತಿಲ್ಲ! 1974ರಿಂದಲೇ ಜಲಮಾಲಿನ್ಯ ಕಾಯಿದೆಯಿದೆ. ಆದರೂ ಬೆಂಗಳೂರಿನ ಕಾರ್ಖಾನೆಗಳ ಕೊಳಕು ವೃಷಭಾವತಿಯಲ್ಲಿ ಹರಿದು ಬೈರಮಂಗಲ ಕೆರೆ ಸೇರಿತು. ಅಲ್ಲಿನ ರೈತರು ಅದೇ ನೀರನ್ನು ಹೊಲಗದ್ದೆಗೆ ಹಾಯಿಸಬೇಕಾಯಿತು. ಲೋಹವನ್ನು ಕಾರ್ಖಾನೆಯ ತೊಟ್ಟಿಯಲ್ಲೇ ತಡೆಯಬೇಕು, ಕೂತ ಕೆಸರನ್ನು ಮಳೆ ಬಂದಾಗ ಹಳ್ಳಕ್ಕೆ ತಳ್ಳಬಾರದು ಎಂಬುದು ನಮ್ಮ ಒತ್ತಾಯ. ಇದನ್ನು ಕೇಳುವ ನಾವೂ ಮೈಲುತುತ್ತಿನ ಪೀಪಾಯಿಯನ್ನು ಹಳ್ಳದಲ್ಲಿ ತೊಳೆಯುವುದನ್ನು ಈ ಮಳೆಗಾಲದಿಂದಲೇ ನಿಲ್ಲಿಸೋಣ.