ಆರನೇ ವರ್ಷದ ಹಲ್ಲಿಗೆ ಶಾಲೆಯಲ್ಲೇ ಲೇಪ ಸಿಗಲಿ

ಮಗುವಿಗೆ ಆರು ತುಂಬುವ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆರಡು ಕೆಳಗೆರಡು, ನಾಲ್ಕು ದವಡೆಹಲ್ಲು ಹೊಸದಾಗಿ ಹುಟ್ಟುತ್ತವೆ. ಯಾವ ಹಲ್ಲೂ ಬಿದ್ದು ಜಾಗ ಬಿಟ್ಟುಕೊಟ್ಟಿರುವುದಿಲ್ಲವಾದ್ದರಿಂದ ಇವು ಬಂದದ್ದು ಮನೆಯವರಿಗೆ ತಿಳಿಯುವುದೇ ಇಲ್ಲ. ತಿಳಿದರೂ ಇವೂ ಬೀಳುವ ಹಲ್ಲೇ ಎಂದುಕೊಳ್ಳುತ್ತಾರೆ. ಇವು ಬೀಳುವುದಿಲ್ಲ. ಮುಪ್ಪಿನ ತನಕ ಜೋಳದ ರೊಟ್ಟಿ ಅಗಿಯಬೇಕಾದ ಹಲ್ಲುಗಳಿವು. ಆದರೆ ಇವುಗಳ ಮೇಲ್ಮೈಯ ಸೀಳುಗಳು ಬ್ರಷ್ಷಿನ ಎಳೆಗಿಂತಲೂ ಕಿರಿದು. ಎಷ್ಟೇ ಉಜ್ಜಿದರೂ ಒಳಗೆ ಕೂತ ಅನ್ನ, ಬಿಸ್ಕತ್ತಿನ ಅಂಟು ಹೊರಬರುವುದಿಲ್ಲ; ಅದನ್ನು ತಿಂದ ಬ್ಯಾಕ್ಟೀರಿಯಾ ಬಿಡುವ ಆಮ್ಲ ಹಲ್ಲನ್ನು ಕರಗಿಸುತ್ತದೆ. ಹುಳುಕು ಶುರುವಾಗುವುದು ಅಲ್ಲಿಂದ.

ಆ ಸೀಳುಗಳನ್ನು ಮೊದಲೇ ಮುಚ್ಚಿಬಿಡುವ ಲೇಪಕ್ಕೆ ಸೀಲಂಟ್ ಎನ್ನುತ್ತಾರೆ. ಹಲ್ಲಿಗೆ ಆಮ್ಲ ಸವರಿದರೆ ರಾಳ ಗಟ್ಟಿಯಾಗಿ ಹಿಡಿಯುತ್ತದೆಂದು ಅಮೆರಿಕದ ದಂತವೈದ್ಯ ಮೈಕೆಲ್ ಬ್ಯುನೊಕೋರ್ 1955ರಲ್ಲಿ ತೋರಿಸಿದ್ದರು. ಸೀಲಂಟ್ ಬೆಳೆದದ್ದು ಅದರ ಮೇಲೆ. ಕೊರೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಕೆಲವೇ ನಿಮಿಷಗಳ ಕೆಲಸ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆಯ ಲೆಕ್ಕ ಹೀಗಿದೆ: ಲೇಪವಿಲ್ಲದ 100 ದವಡೆಹಲ್ಲುಗಳಲ್ಲಿ ಎರಡು ವರ್ಷದೊಳಗೆ 40 ಹುಳುಕಾಗುವ ಕಡೆ, ರಾಳದ ಲೇಪ ಹಾಕಿದರೆ ಹುಳುಕಾಗುವುದು ಸುಮಾರು 6. ಮಕ್ಕಳ ಬಾಯಿಯ ಆರೋಗ್ಯಕ್ಕೆ ಇಷ್ಟು ಕಡಿಮೆ ನೋವಿನಲ್ಲಿ ಇಷ್ಟು ಲಾಭ ಕೊಡುವ ಉಪಾಯ ಅಪರೂಪ.

ತೆಲಂಗಾಣದ ಗಡಿ ಊರುಗಳಾದ ಜಹೀರಾಬಾದ್, ನಾರಾಯಣಖೇಡ್, ತಾಂಡೂರುಗಳಿಗೆ ಈ ಉಪಾಯ ವಿಶೇಷವಾಗಿ ಹೊಂದುತ್ತದೆ. 1956ರ ನವೆಂಬರ್ 1ರ ತನಕ ಇವು ಬೀದರ್, ಗುಲ್ಬರ್ಗಾ ಜಿಲ್ಲೆಗಳ ಊರುಗಳಾಗಿದ್ದವು. ಈಗ ಮೊದಲೆರಡು ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದಿಗೆ ಸೇರಿವೆ. ಕಬ್ಬಿನ ಹೊಲದಲ್ಲೋ ಕಲ್ಲಿನ ಗಣಿಯಲ್ಲೋ ದಿನಗೂಲಿ ಮಾಡುವ ತಾಯಿತಂದೆ, ನೋವಿಲ್ಲದ ಹಲ್ಲನ್ನು ತೋರಿಸಲು ಒಂದು ದಿನದ ಕೂಲಿ ಬಿಟ್ಟು ಬರಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಸೀಲಂಟ್ ಹಾಕಬೇಕಾದದ್ದಾದರೋ ನೋವು ಬರುವ ಮೊದಲೇ. ಆ ವಯಸ್ಸಿನ ಮಗು ಸಿಗುವ ಜಾಗ ಒಂದೇ, ಒಂದನೇ ಎರಡನೇ ತರಗತಿಯ ಬೆಂಚು. ಸರ್ಕಾರಕ್ಕೆ ಅಲ್ಲಿಗೆ ದಾರಿಯೂ ಗೊತ್ತಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ಹೋಗಿ ತಪಾಸಣೆ ಮಾಡಬೇಕು. ಅವು ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕುಹಲ್ಲೂ ಇದೆ. ಆದರೆ ತೂತು ಬಿದ್ದ ಮೇಲೆ ಪತ್ತೆ ಮಾಡಿ ಚೀಟಿ ಬರೆದರೆ ಲೇಪದ ಕಾಲ ಮೀರಿರುತ್ತದೆ. ತಪಾಸಣೆಯ ಜೊತೆಗೇ ಲೇಪವೂ ಆಗಬೇಕೆಂಬುದು ನನ್ನ ವಾದ.

ಒಳಗೇ ಹುಳುಕು ಉಳಿದಿದ್ದರೆ ಮೇಲೆ ಮುಚ್ಚಿ ಏನು ಪ್ರಯೋಜನ ಎಂಬ ಆಕ್ಷೇಪಕ್ಕೆ ಉತ್ತರವಿದೆ. ತೂತು ಬೀಳದ, ಬಣ್ಣ ಮಾತ್ರ ಬದಲಾದ ಆರಂಭದ ಹುಳುಕನ್ನು ಮುಚ್ಚಿದರೆ ಬ್ಯಾಕ್ಟೀರಿಯಾಕ್ಕೆ ಆಹಾರ ತಪ್ಪಿ ಹುಳುಕು ನಿಲ್ಲುತ್ತದೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ನಿನ 2016ರ ಮಾರ್ಗಸೂಚಿ ಅಂಥ ಹಲ್ಲಿಗೂ ಸೀಲಂಟನ್ನೇ ಹೇಳುತ್ತದೆ. ತೂತು ಬಿದ್ದಿದ್ದರೆ ಮಾತು ಬೇರೆ, ಅದಕ್ಕೆ ಫಿಲ್ಲಿಂಗ್ ಬೇಕು. ಲೇಪ ಉದುರಿಹೋದರೆ? ಮತ್ತೆ ಹಾಕಬಹುದು. ಹಾಕದಿದ್ದರೂ ಆ ಹಲ್ಲು ಎಂದೂ ಲೇಪ ಕಾಣದ ಹಲ್ಲಿಗಿಂತ ಹೆಚ್ಚು ಹುಳುಕಾಗುವುದಿಲ್ಲ. ಹಳ್ಳಿ ಶಾಲೆಯಲ್ಲಿ ಕುರ್ಚಿ ಎಲ್ಲಿ, ಕರೆಂಟ್ ಎಲ್ಲಿ ಎನ್ನುವವರಿಗೆ ಗ್ಲಾಸ್ ಅಯೊನೊಮರ್ ಇದೆ. ಬೆರಳಿನಿಂದ ಒತ್ತಿ ಹಾಕಬಹುದಾದ, ಒದ್ದೆ ಬಾಯಿಯಲ್ಲೂ ಹಿಡಿಯುವ ಈ ಸಿಮೆಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ರಾಳದಷ್ಟು ದಿನ ನಿಲ್ಲದು, ನಿಜ. ಲೇಪ ಹಲ್ಲುಗಳ ಸಂದಿಯನ್ನು ಕಾಯದು ಎಂಬುದೂ ನಿಜ. ಅದಕ್ಕೆ ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಸಲ ಉಜ್ಜಬೇಕು, ಸಿಹಿ ಕಡಿಮೆ ಮಾಡಬೇಕು.

ಕೈಗಳ ಕೊರತೆಯೂ ದೊಡ್ಡದಲ್ಲ. ಈ ಮೂರು ಊರುಗಳ ಸುತ್ತ ಬೀದರ್, ಕಲಬುರಗಿ, ಸಂಗಾರೆಡ್ಡಿ, ವಿಕಾರಾಬಾದ್ ನಾಲ್ಕೂ ಕಡೆ ದಂತ ವೈದ್ಯಕೀಯ ಕಾಲೇಜುಗಳಿವೆ. ಪ್ರತಿಯೊಂದೂ ಗಡಿಯ ಕೆಲವು ಶಾಲೆಗಳನ್ನು ವಹಿಸಿಕೊಂಡು ವರ್ಷಕ್ಕೊಮ್ಮೆ ಹೋಗಲಿ, ಸಾಮಗ್ರಿಯ ಖರ್ಚನ್ನು ತೆಲಂಗಾಣ ಸರ್ಕಾರ ಕೊಡಲಿ. ಪೋಷಕರ ಒಪ್ಪಿಗೆ ಪತ್ರ ತೆಲುಗು, ಉರ್ದುವಿನ ಜೊತೆ, ಈ ಊರುಗಳ ಕನ್ನಡದ ಮನೆಗಳಿಗಾಗಿ ಕನ್ನಡದಲ್ಲೂ ಇರಲಿ. ಮಗುವಿನ ಬಾಯಿಗೆ ಏನು ಹಾಕುತ್ತಾರೆಂದು ತಾಯಿಗೆ ಅವಳ ಮಾತಿನಲ್ಲೇ ತಿಳಿಯಬೇಕು.

ಅಲ್ಲಿಯ ತನಕ ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ, ಬೆಳಕಿಗೆ ಕೂರಿಸಿ ಬಾಯಿ ತೆರೆಸಿ, ಕೊನೆಯ ಹಾಲುಹಲ್ಲಿನ ಹಿಂದೆ ನೋಡಿ. ಹೊಸ ಹಲ್ಲು ಬಂದಿದ್ದರೆ, ನೋವಿಗೆ ಕಾಯದೆ ಈ ತಿಂಗಳೇ ಹಲ್ಲಿನ ಡಾಕ್ಟರಿಗೆ ತೋರಿಸಿ.